ಹಳೆಯ ಉಕ್ಕಿನ ರೈಲು ಸೇತುವೆಗೆ ಮಾಡಿಸಿದ ಸಾಮರ್ಥ್ಯ ಪರೀಕ್ಷೆ: ಸೇವೆಯೊಂದರ ವಿಮರ್ಶೆ

ಕಲಬುರಗಿ ಸೀಮೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ನಾನು ಸಿವಿಲ್ ವಿಭಾಗದ ಹೊಣೆ ಹೊತ್ತವನು. ಮುಖ್ಯ ರೈಲು ಮಾರ್ಗದಿಂದ ಕಾರ್ಖಾನೆಯೊಳಗೆ ಬರುವ ನಮ್ಮ ಸ್ವಂತ ಸೈಡಿಂಗ್ ಮಾರ್ಗವು ಒಂದು ಹಳ್ಳವನ್ನು ದಾಟುವ ಜಾಗದಲ್ಲಿ ಉಕ್ಕಿನ ಸೇತುವೆಯಿದೆ: ನಡುವೆ 30.5 ಮೀಟರ್ ಉದ್ದದ, ಪಟ್ಟಿಗಳನ್ನು ತ್ರಿಕೋನಗಳಾಗಿ ಜೋಡಿಸಿದ ಒಂದು ಟ್ರಸ್ ಗರ್ಡರ್, ಅದರ ಎರಡೂ ಕಡೆ 12.2 ಮೀಟರ್ ಉದ್ದದ, ತಗಡುಗಳನ್ನು ಕೂಡಿಸಿ ಮಾಡಿದ ಒಂದೊಂದು ಪ್ಲೇಟ್ ಗರ್ಡರ್. ಎಲ್ಲವೂ ರಿವೆಟ್ ಜೋಡಣೆಯವು. ಇವು ಬೇರೆಲ್ಲೋ ದುಡಿದು, ಕಳಚಿ ತಂದು ಇಲ್ಲಿ ಮತ್ತೆ ಕೂರಿಸಿದ ಗರ್ಡರ್‌ಗಳು. ತಯಾರಕರ ಹೆಸರಿನ ಫಲಕದ ಮೇಲೆ ಬಣ್ಣದ ಪದರಗಳು ಕೂತು ಅಕ್ಷರ ಓದಲಾಗದ ಸ್ಥಿತಿಯಿದೆ, ಮೂಲ ನಕ್ಷೆಗಳೂ ನಮ್ಮಲ್ಲಿಲ್ಲ. 25 ಟನ್ ಆಕ್ಸಲ್ ಭಾರದ (ಒಂದು ಜೋಡಿ ಚಕ್ರದ ಅಚ್ಚು ಹೊರುವ ಭಾರ) ವ್ಯಾಗನ್‌ಗಳನ್ನು ಒಳತರುವ ಮಾತು ಬಂದಾಗ ಈ ಸೇತುವೆ ಅದನ್ನು ತಡೆದುಕೊಳ್ಳುತ್ತದೆಯೇ ಎಂಬ ಪ್ರಶ್ನೆಗೆ ನಮ್ಮ ಕಡತದಲ್ಲಿ ಉತ್ತರವಿರಲಿಲ್ಲ. ಅದಕ್ಕಾಗಿ ಬೆಂಗಳೂರಿನ ಒಂದು ಸಣ್ಣ ಎಂಜಿನಿಯರಿಂಗ್ ಸಂಸ್ಥೆಯ ಸೇವೆ ಪಡೆದೆವು. ಮೊದಲ ದಿನದಿಂದ ಅಂತಿಮ ವರದಿಯವರೆಗೆ ಅವರ ಜೊತೆಯಲ್ಲಿ ಇದ್ದವನಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆ ಆಕ್ಷೇಪಗಳೂ ಇರುವುದರಿಂದ ಸಂಸ್ಥೆಯ ಹೆಸರನ್ನು ಹೇಳುವುದಿಲ್ಲ. ಇಂಥ ಸೇವೆ ಕೊಳ್ಳಬೇಕಾದ ಇತರ ಕಾರ್ಖಾನೆಗಳ ಎಂಜಿನಿಯರುಗಳಿಗೆ ಹೆಸರಿಗಿಂತ ಕೆಲಸದ ವಿವರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ.

ನಮಗೆ ಮೂರು ಸಂಸ್ಥೆಗಳಿಂದ ದರಪಟ್ಟಿ ಬಂದಿತ್ತು. ಎಲ್ಲಕ್ಕಿಂತ ಕಡಿಮೆ ದರ ಹೇಳಿದವರು ಒಂದು ದಿನದ ಸ್ಥಳಭೇಟಿ, ಕಂಪ್ಯೂಟರ್ ಮಾದರಿ ಮತ್ತು ವರದಿ ಎಂದಷ್ಟೇ ಬರೆದಿದ್ದರು. ಎರಡನೆಯವರು ಉಪಕರಣಗಳ ದೊಡ್ಡ ಪಟ್ಟಿ ಕೊಟ್ಟಿದ್ದರಾದರೂ ಯಾವ ಭಾಗದಲ್ಲಿ ಏನನ್ನು ಅಳೆಯುತ್ತೇವೆ ಎಂದು ತಿಳಿಸಿರಲಿಲ್ಲ. ನಾವು ಆರಿಸಿಕೊಂಡವರು, ದರ ಹೇಳುವ ಮೊದಲೇ ಒಬ್ಬ ಎಂಜಿನಿಯರನ್ನು ಕಳುಹಿಸಿ, ಅರ್ಧ ದಿನ ಸೇತುವೆಯ ಅಡಿಯಲ್ಲಿ ಓಡಾಡಿಸಿ, ಆಮೇಲೆ ಎರಡು ಪುಟದ ಪತ್ರ ಬರೆದರು. ಆ ಪತ್ರದಲ್ಲಿ ಒಂದು ವಾಕ್ಯವಿತ್ತು: ಮುಖ್ಯ ಟ್ರಸ್‌ಗಿಂತ ಹಳಿಯ ಕೆಳಗಿನ ಸ್ಟ್ರಿಂಜರ್‌ಗಳು, ಬದಿಯ ಬ್ರೇಸಿಂಗ್ ಮತ್ತು ಬೇರಿಂಗ್‌ಗಳ ಬಗ್ಗೆ ನಮಗೆ ಹೆಚ್ಚು ಕಾಳಜಿಯಿದೆ. ಬ್ರೇಸಿಂಗ್ ಎಂದರೆ ಸೇತುವೆ ಪಕ್ಕಕ್ಕೆ ವಾಲದಂತೆ ಹಿಡಿಯುವ ಓರೆ ಪಟ್ಟಿಗಳು, ಬೇರಿಂಗ್ ಎಂದರೆ ಗರ್ಡರ್‌ನ ತುದಿ ಕಂಬದ ಮೇಲೆ ಕೂರುವ ಪೀಠ. ಅವರ ದರ ಎಲ್ಲಕ್ಕಿಂತ ಕಡಿಮೆ ದರದ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು. ಆ ಒಂದು ವಾಕ್ಯದ ಬಲದ ಮೇಲೆ ನಾನು ಆಡಳಿತದವರ ಮುಂದೆ ಅವರ ಪರವಾಗಿ ವಾದಿಸಿದೆ. ಅದು ಸರಿಯಾದ ವಾದವೇ ಆಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಏಕೆಂದರೆ ಸೇತುವೆ ಎಂದಾಗ ದೂರದಿಂದ ಕಣ್ಣಿಗೆ ಬೀಳುವುದು ದೊಡ್ಡ ಟ್ರಸ್. ರೈಲಿನ ಚಕ್ರದ ಪೆಟ್ಟನ್ನು ಮೊದಲು ತಿನ್ನುವುದು ಮಾತ್ರ ಸ್ಲೀಪರ್‌ಗಳ ಅಡಿಯಲ್ಲಿ ಹಳಿಯ ಉದ್ದಕ್ಕೂ ಇರುವ ಚಿಕ್ಕ ತೊಲೆಗಳಾದ ಸ್ಟ್ರಿಂಜರ್‌ಗಳು. ನಮ್ಮಲ್ಲಿ ಒಂದೊಂದರ ಉದ್ದ ಸುಮಾರು 5.3 ಮೀಟರ್. ಭಾರತೀಯ ರೈಲ್ವೆಯ ಸೇತುವೆ ನಿಯಮಾವಳಿಯ ಪ್ರಕಾರ ಬ್ರಾಡ್‌ಗೇಜ್ ಮಾರ್ಗದಲ್ಲಿ ಚಲಿಸುವ ಭಾರಕ್ಕೆ ಸೇರಿಸಬೇಕಾದ ಹೆಚ್ಚುವರಿ ಅಂಶವು 0.15ಕ್ಕೆ, 8ನ್ನು ಮೀಟರಿನಲ್ಲಿ ಹೇಳಿದ ಉದ್ದಕ್ಕೆ 6 ಕೂಡಿಸಿದ ಮೊತ್ತದಿಂದ ಭಾಗಿಸಿ ಬಂದದ್ದನ್ನು ಸೇರಿಸಿದಷ್ಟು, ಮತ್ತು ಅದು 1ನ್ನು ಮೀರಬಾರದು. 30.5 ಮೀಟರ್ ಟ್ರಸ್‌ಗೆ ಈ ಲೆಕ್ಕ ಹಾಕಿದರೆ 0.37 ಬರುತ್ತದೆ, 5.3 ಮೀಟರ್ ಸ್ಟ್ರಿಂಜರ್‌ಗೆ 0.86 ಬರುತ್ತದೆ. ಅಂದರೆ ನಿಂತ ರೈಲಿನ ಭಾರಕ್ಕಿಂತ ಟ್ರಸ್‌ಗೆ ಮೂರನೇ ಒಂದು ಭಾಗದಷ್ಟು ಹೆಚ್ಚು ಬಿದ್ದರೆ, ಸ್ಟ್ರಿಂಜರ್‌ಗೆ ಹತ್ತಿರಹತ್ತಿರ ದುಪ್ಪಟ್ಟು ಬೀಳುತ್ತದೆ ಎಂದು ನಿಯಮವೇ ಊಹಿಸಿಕೊಂಡಿದೆ.

ಲೋಹದ ದಣಿವಿನ, ಅಂದರೆ ಭಾರ ಮತ್ತೆ ಮತ್ತೆ ಏರಿಳಿದು ಉಕ್ಕು ಬಿರುಕು ಬಿಡುವುದರ ಲೆಕ್ಕದಲ್ಲಿ ಈ ಅಂತರ ಇನ್ನೂ ದೊಡ್ಡದಾಗುತ್ತದೆ. ನಮ್ಮ ಮಾರ್ಗದಲ್ಲಿ ದಿನಕ್ಕೆ ಸರಕು ತುಂಬಿದ ಎರಡು ಪೂರ್ತಿ ಗೂಡ್ಸ್ ಗಾಡಿಗಳು, ಅಂದರೆ ಎರಡು ರೇಕ್‌ಗಳು ಹೋಗುತ್ತವೆ ಎಂದಿಟ್ಟುಕೊಳ್ಳಿ. ಟ್ರಸ್‌ನ ಉದ್ದ ಒಂದು ವ್ಯಾಗನ್ನಿನ ಉದ್ದದ ಎರಡು ಪಟ್ಟು ಇರುವುದರಿಂದ ರೇಕ್ ಪೂರ್ತಿ ದಾಟುವ ತನಕ ಅದರ ಮೇಲೆ ಭಾರ ಇದ್ದೇ ಇರುತ್ತದೆ. ಟ್ರಸ್‌ನ ಮುಖ್ಯ ಭಾಗಗಳಿಗೆ ಒಂದು ರೇಕ್ ಎಂದರೆ ಒಂದು ದೊಡ್ಡ ಏರಿಳಿತ, ವರ್ಷಕ್ಕೆ 730. ಸ್ಟ್ರಿಂಜರ್ ಅಷ್ಟು ಚಿಕ್ಕದಾದ್ದರಿಂದ ಪ್ರತಿ ವ್ಯಾಗನ್ನಿನ ಬೋಗಿಗಳು (ಅದರ ಅಡಿಯ ಚಕ್ರಗಳ ಚೌಕಟ್ಟುಗಳು) ಅದರ ಮೇಲೆ ಹತ್ತಿ ಇಳಿದಾಗಲೂ ಅದು ಒಮ್ಮೆ ಬಾಗಿ ನೆಟ್ಟಗಾಗುತ್ತದೆ. 42 ವ್ಯಾಗನ್‌ಗಳ ರೇಕ್‌ಗೆ ಕನಿಷ್ಠ 42 ಏರಿಳಿತ, ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು. ಸ್ಟ್ರೆಸ್ (ಭಾರಕ್ಕೆ ಉಕ್ಕಿನೊಳಗೆ ಏಳುವ ಒತ್ತಡ) ಏರಿಳಿತದ ಮೂರನೇ ಘಾತಕ್ಕೆ ತಕ್ಕಂತೆ ಆಯುಷ್ಯ ಕುಗ್ಗುತ್ತದೆ ಎಂಬ ಸಾಮಾನ್ಯ ಸೂತ್ರ ಹಿಡಿದರೆ, ಬ್ರಾಡ್‌ಗೇಜ್ ಮುಖ್ಯ ಮಾರ್ಗಕ್ಕೆ 1926ರಲ್ಲಿ ಗೊತ್ತುಮಾಡಿದ ಬಿಜಿಎಂಎಲ್ ವಿನ್ಯಾಸ ಭಾರಮಾನದ 22.9 ಟನ್ ಆಕ್ಸಲ್‌ನಿಂದ 25 ಟನ್‌ಗೆ ಏರುವುದು ಕೇವಲ ಶೇ 9ರ ಹೆಚ್ಚಳದಂತೆ ಕಂಡರೂ ಸ್ಟ್ರಿಂಜರ್‌ನ ಉಳಿದ ಬಾಳಿಕೆಯಲ್ಲಿ ಸುಮಾರು ಕಾಲು ಭಾಗವನ್ನು ತಿಂದುಬಿಡುತ್ತದೆ. ಈ ಲೆಕ್ಕವನ್ನು ಸಂಸ್ಥೆಯವರು ನಮ್ಮ ಆಡಳಿತದವರ ಮುಂದೆ ಬಿಳಿ ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಬರೆದು ತೋರಿಸಿದರು. ಎಂಜಿನಿಯರಲ್ಲದವರಿಗೂ ಅದು ಅರ್ಥವಾಯಿತು. ಈ ಸೇವೆಯಲ್ಲಿ ನಾನು ಬಹಳ ಮೆಚ್ಚಿದ ಗುಣಗಳಲ್ಲಿ ಇದೂ ಒಂದು.

ಸ್ಥಳದ ಕೆಲಸ ಐದು ದಿನ ನಡೆಯಿತು. ಮೊದಲ ಎರಡು ದಿನ ಯಾವ ಯಂತ್ರವನ್ನೂ ಹೊರತೆಗೆಯಲಿಲ್ಲ. ಸಣ್ಣ ಸುತ್ತಿಗೆ, ತಂತಿಯ ಬ್ರಶ್, ಟಾರ್ಚ್ ಮತ್ತು ಸೀಮೆಸುಣ್ಣ ಹಿಡಿದು ಒಂದೊಂದು ಜೋಡಣೆಯನ್ನೂ ನೋಡಿದರು. ರಿವೆಟ್‌ನ ತಲೆಯ ಒಂದು ಬದಿಗೆ ಬೆರಳಿಟ್ಟು ಇನ್ನೊಂದು ಬದಿಗೆ ಸುತ್ತಿಗೆಯಿಂದ ತಟ್ಟಿದರೆ, ಸಡಿಲವಾದ ರಿವೆಟ್ ಬೆರಳಿಗೇ ತಿಳಿಯುತ್ತದೆ. ಸಡಿಲ ರಿವೆಟ್‌ಗಳ ಕೆಳಗೆ ಕೆಂಪು ತುಕ್ಕಿನ ಗೆರೆ ಇಳಿದಿರುವುದೂ ಒಂದು ಗುರುತು. ಹೀಗೆ ಸ್ಟ್ರಿಂಜರ್ ಮತ್ತು ಅದನ್ನು ಹೊರುವ ಅಡ್ಡ ತೊಲೆಯಾದ ಕ್ರಾಸ್ ಗರ್ಡರ್ ಕೂಡುವ ಕಡೆ ಹಲವು ರಿವೆಟ್‌ಗಳಿಗೆ ಸೀಮೆಸುಣ್ಣದ ವೃತ್ತ ಬಿದ್ದಿತು. ಈ ಕೂಡುವಿಕೆಯನ್ನು ಹಳೆಯ ವಿನ್ಯಾಸಕಾರರು ಬರೀ ಭಾರ ಇಳಿಸುವ ಕೊಂಡಿ ಎಂದು ಲೆಕ್ಕ ಹಾಕಿದ್ದರೂ, ಎರಡು ಕೋನಪಟ್ಟಿಗಳಿಂದ ಬಿಗಿದ ಕೊಂಡಿ ನಿಜವಾಗಿ ಸ್ವಲ್ಪ ಬಾಗುವಿಕೆಯನ್ನೂ ಹೊರುತ್ತದೆ. ಅದಕ್ಕೇ ಹಳೆಯ ರೈಲು ಸೇತುವೆಗಳಲ್ಲಿ ಬಿರುಕು ಹುಡುಕುವವರು ಆ ಕೋನಪಟ್ಟಿಯ ಮಡಿಕೆಯ ಹತ್ತಿರ ಮೊದಲು ನೋಡುತ್ತಾರೆ.

ಸ್ಲೀಪರ್ ಎತ್ತಿಸಿ ನೋಡಿದಾಗ ಸ್ಟ್ರಿಂಜರ್‌ಗಳ ಮೇಲಿನ ಪಟ್ಟಿಯಲ್ಲಿ, ಸ್ಲೀಪರ್ ಕೂರುವ ಜಾಗದಲ್ಲೇ ತುಕ್ಕು ಆಳವಾಗಿತ್ತು. ಸಿಮೆಂಟ್ ಧೂಳು ಮಳೆನೀರಿಗೆ ಗಟ್ಟಿಯಾಗಿ, ಅದರ ಅಡಿಯಲ್ಲಿ ತೇವ ನಿಂತಿತ್ತು. ವರ್ಷಕ್ಕೊಮ್ಮೆ ಬಣ್ಣ ಬಳಿಸುತ್ತಿದ್ದೇವೆ ಎಂದು ಹೆಮ್ಮೆಪಟ್ಟುಕೊಂಡಿದ್ದ ನಮಗೆ, ಬಣ್ಣದ ಬ್ರಶ್ ತಲುಪದ ಜಾಗವೇ ಹೆಚ್ಚು ಸವೆದಿದೆ ಎಂದು ತಿಳಿದದ್ದು ಆ ದಿನ. ಅಲ್ಟ್ರಾಸಾನಿಕ್ ಮಾಪಕದಿಂದ ಉಳಿದ ದಪ್ಪವನ್ನು ಅಳೆದು, ಪ್ರತಿ ಸ್ಟ್ರಿಂಜರ್‌ಗೂ ಬೇರೆ ಬೇರೆ ದಪ್ಪವನ್ನೇ ಲೆಕ್ಕಕ್ಕೆ ತೆಗೆದುಕೊಂಡರು. ಎಲ್ಲಕ್ಕೂ ಒಂದೇ ಸರಾಸರಿ ಸವೆತ ಹಿಡಿಯುವ ಸುಲಭದ ದಾರಿಯನ್ನು ಅವರು ಹಿಡಿಯಲಿಲ್ಲ.

ಇನ್ನೊಂದು ಸಂಗತಿಯನ್ನು ನೋವಿನಿಂದಲೇ ಹೇಳಬೇಕು. ಒಂದು ಸ್ಟ್ರಿಂಜರ್‌ನ ಕೆಳಪಟ್ಟಿಗೆ ಹಿಂದೆಂದೋ ನಮ್ಮದೇ ಕಾರ್ಖಾನೆಯವರು ತೇಪೆ ತಗಡನ್ನು ವೆಲ್ಡ್ ಮಾಡಿದ್ದರು. ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವದು. ಆದರೆ ಹಳೆಯ ಕಾಲದ ಉಕ್ಕಿನಲ್ಲಿ ಗಂಧಕ, ರಂಜಕದ ಪ್ರಮಾಣ ಹೆಚ್ಚಿರಬಹುದಾದ್ದರಿಂದ ಅದು ವೆಲ್ಡಿಂಗ್‌ಗೆ ಒಗ್ಗುವ ಉಕ್ಕೋ ಅಲ್ಲವೋ ಎಂದು ಪರೀಕ್ಷಿಸದೆ ಬೆಸೆಯಬಾರದು, ಮತ್ತು ಎಳೆತ ಹೊರುವ ಪಟ್ಟಿಗೆ ಅಡ್ಡಲಾಗಿ ಹಾಕಿದ ವೆಲ್ಡ್‌ನ ತುದಿಯೇ ದಣಿವಿನ ಬಿರುಕು ಹುಟ್ಟುವ ಜಾಗ. ಬಣ್ಣ ಕೆರೆದು ಬಣ್ಣದ್ರವದ ಪರೀಕ್ಷೆ ಮಾಡಿದಾಗ ಆ ತುದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡಿತು. ಅದೇ ಸಂಜೆ, ವರದಿಗೆ ಕಾಯದೆ, ಸೇತುವೆಯ ಮೇಲೆ ವೇಗವನ್ನು ಗಂಟೆಗೆ 10 ಕಿ.ಮೀ.ಗೆ ಇಳಿಸಿ ಎಂದು ಅವರು ಲಿಖಿತವಾಗಿ ಸೂಚಿಸಿದರು. ಸೇವೆ ಕೊಡುವವರು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಸುಮ್ಮನಾಗದೆ ಹೀಗೆ ಎಚ್ಚರಿಸುವುದು ಒಪ್ಪಂದದಲ್ಲಿ ಬರೆದಿರುವುದಿಲ್ಲ. ಅವರು ಅದನ್ನು ಮಾಡಿದರು.

ಮೂರನೆಯ ದಿನ ಹಳಿಯ ಮೇಲೆ ನಡೆದು ಅದನ್ನು ನೋಡಿಕೊಳ್ಳುವ ನಮ್ಮ ಹಿರಿಯ ಕೀಮ್ಯಾನ್ ಒಬ್ಬರು ತಾವಾಗಿಯೇ ಬಂದು ಒಂದು ಮಾತು ಹೇಳಿದರು: “ತುಂಬಿದ ಗಾಡಿ ಹೋದ್ರ ಸುಮ್ನ ಗುಂಯ್ ಅಂತದ್ರಿ ಸಾಹೇಬ್ರ. ಖಾಲಿ ಗಾಡಿ ಹೋದಾಗ ಮಾತ್ರ ಈ ಮೂಲ್ಯಾಗ ಟಕ್ ಟಕ್ ಅಂತ ಬಡದಂಗ ಸಪ್ಪಳ ಬರ್ತದ.” ನಾನು ಆ ಮಾತನ್ನು ಮೊದಲೂ ಕೇಳಿದ್ದೆ, ಕೇಳಿ ಬಿಟ್ಟಿದ್ದೆ. ಸಂಸ್ಥೆಯ ಎಂಜಿನಿಯರ್ ಬರೆದುಕೊಂಡರು. ಆ ಮೂಲೆಯ ಬೇರಿಂಗ್ ಅಡಿಯಲ್ಲಿ ತೆಳು ತಗಡು ತೂರಿಸಿ ನೋಡಿದಾಗ ಸುಮಾರು ಎರಡು ಮಿಲಿಮೀಟರ್ ಸಂದು ಸಿಕ್ಕಿತು. ತುಂಬಿದ ರೇಕ್‌ನ ಭಾರಕ್ಕೆ ಆ ಸಂದು ಮುಚ್ಚಿ ಕೂತುಬಿಡುತ್ತದೆ. ಖಾಲಿ ವ್ಯಾಗನ್‌ನ ಹಗುರ ಭಾರಕ್ಕೆ ಪೂರ್ತಿ ಮುಚ್ಚದೆ ಒಂದೊಂದು ಬೋಗಿಗೂ ಎದ್ದು ಬಡಿಯುತ್ತದೆ. ಅದರ ಎದುರು ತುದಿಯ ರೋಲರ್ ಬೇರಿಂಗ್ ಕೂಡ ಧೂಳು ತುಂಬಿ ಕದಲದಂತಾಗಿತ್ತು. 30.5 ಮೀಟರ್ ಉಕ್ಕು 40 ಡಿಗ್ರಿ ತಾಪಮಾನ ವ್ಯತ್ಯಾಸಕ್ಕೆ ಸುಮಾರು 15 ಮಿಲಿಮೀಟರ್ ಹಿಗ್ಗಬೇಕು. ನಮ್ಮ ಭಾಗದ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಉಕ್ಕನ್ನು ಮುಟ್ಟಿದವರಿಗೆ ಆ ವ್ಯತ್ಯಾಸ ದೊಡ್ಡದೆನಿಸದು. ಹಿಗ್ಗಲು ಜಾಗವಿಲ್ಲದಾಗ ಆ ಬಲ ಕಂಬದ ತಲೆಗೆ ಹೋಗುತ್ತದೆ.

ಆಮೇಲೆ ಅಳತೆಯ ಕೆಲಸ. ಸ್ಟ್ರಿಂಜರ್‌ಗಳ ನಡುಭಾಗ, ಕ್ರಾಸ್ ಗರ್ಡರ್‌ಗಳು, ಟ್ರಸ್‌ನ ಕೆಳ ಪಟ್ಟಿ ಮತ್ತು ಕೆಲವು ಓರೆ ಭಾಗಗಳಿಗೆ ಉಕ್ಕು ಎಷ್ಟು ಹಿಗ್ಗಿ ಕುಗ್ಗುತ್ತದೆ ಎಂದು ಅಳೆಯುವ ಸ್ಟ್ರೈನ್ ಗೇಜ್ ಅಂಟಿಸಿ, ಡಬ್ಲ್ಯುಡಿಜಿ-4 ಎಂಬ ಡೀಸೆಲ್ ಗೂಡ್ಸ್ ಎಂಜಿನ್ನನ್ನು ಮೊದಲು ನಡಿಗೆಯ ವೇಗದಲ್ಲಿ, ಆಮೇಲೆ ಅನುಮತಿಸಿದ 10 ಕಿ.ಮೀ. ವೇಗದಲ್ಲಿ ಹಲವು ಬಾರಿ ದಾಟಿಸಿದರು. ಈ ಎಂಜಿನ್ನಿನ ತೂಕ 126 ಟನ್, ಆರು ಆಕ್ಸಲ್‌ಗಳಿಗೆ ತಲಾ 21 ಟನ್. ಭಾರ ಎಷ್ಟೆಂದು ಖಚಿತವಾಗಿ ಗೊತ್ತಿರುವ ವಾಹನದಿಂದಲೇ ಪರೀಕ್ಷೆ ನಡೆಯಬೇಕು. ಟ್ರಸ್‌ನ ಕೆಳ ಪಟ್ಟಿಯಲ್ಲಿ ಅಳತೆಗೆ ಸಿಕ್ಕ ಸ್ಟ್ರೆಸ್ ಲೆಕ್ಕದಲ್ಲಿ ಬಂದದ್ದರ ಮುಕ್ಕಾಲು ಭಾಗದಷ್ಟೇ ಇತ್ತು. ಹಳಿಗಳೂ ಸ್ಟ್ರಿಂಜರ್‌ಗಳೂ ಎಳೆತದಲ್ಲಿ ಒಂದು ಪಾಲು ಹೊರುವುದರಿಂದ, ಮತ್ತು ಲೆಕ್ಕದಲ್ಲಿ ತಿರುಗಣೆಗಳೆಂದು ಭಾವಿಸಿದ ಜೋಡಣೆಗಳು ನಿಜದಲ್ಲಿ ಬಿಗಿಯಾಗಿರುವುದರಿಂದ ಹೀಗಾಗುವುದು ಸಹಜ. ಆದರೆ ಸಂದು ಬಿದ್ದ ಬೇರಿಂಗ್‌ನ ಹತ್ತಿರದ ಕ್ರಾಸ್ ಗರ್ಡರ್‌ನಲ್ಲಿ ಅಳತೆಯೇ ಲೆಕ್ಕವನ್ನು ಮೀರಿತ್ತು. ಕಂಪ್ಯೂಟರ್ ಮಾದರಿಯಲ್ಲಿ ನಾಲ್ಕೂ ಮೂಲೆಗಳು ಗಟ್ಟಿಯಾಗಿ ಕೂತಿದ್ದವು, ಸೇತುವೆ ಮಾತ್ರ ಮೂರರ ಮೇಲೆ ಕೂತಿತ್ತು. ಅಳತೆ ಮಾಡದೆ ಬರೀ ಮಾದರಿಯ ಮೇಲೆ ಬರೆದ ವರದಿಯಾಗಿದ್ದರೆ ಈ ಗರ್ಡರ್‌ಗೆ ‘ಸುರಕ್ಷಿತ’ ಎಂಬ ಮುದ್ರೆ ಬೀಳುತ್ತಿತ್ತು.

ವೇಗದ ಪರಿಣಾಮವಾಗಿ ಹೆಚ್ಚಿದ ಸ್ಟ್ರೆಸ್ ನಿಯಮಾವಳಿಯ 0.86ರ ಹತ್ತಿರಕ್ಕೂ ಬರಲಿಲ್ಲ. ಅಷ್ಟು ನಿಧಾನದ ಓಟದಲ್ಲಿ ಬರಬೇಕಾಗಿಯೂ ಇಲ್ಲ. ಇದನ್ನು ಹಿಡಿದುಕೊಂಡು ಸೇತುವೆಗೆ ಹೆಚ್ಚು ಸಾಮರ್ಥ್ಯವಿದೆ ಎಂದು ಅವರು ಬರೆದಿದ್ದರೆ ನಮ್ಮ ಆಡಳಿತಕ್ಕೆ ಸಂತೋಷವೇ ಆಗುತ್ತಿತ್ತು. ಅವರು ಎರಡೂ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದು ಚಪ್ಪಟೆಯಾದ ಚಕ್ರ ಅಥವಾ ಒಂದು ಕುಸಿದ ಹಳಿಜೋಡಣೆ ಈ ಅಂಕಿಯನ್ನು ಒಂದೇ ದಿನದಲ್ಲಿ ಬದಲಿಸಬಲ್ಲದು ಎಂದು ಬರೆದು, ಸಾಮರ್ಥ್ಯದ ತೀರ್ಮಾನಕ್ಕೆ ನಿಯಮಾವಳಿಯ ಅಂಕಿಯನ್ನೇ ಉಳಿಸಿಕೊಂಡರು.

ಇಲ್ಲಿಯವರೆಗೆ ಹೇಳಿದ್ದೆಲ್ಲ ರೈಲಿನ ಭಾರದ ಮಾತು. ಗಾಳಿಯ ಅಧ್ಯಾಯವೇ ಈ ವರದಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದೂ ಹೌದು, ನನ್ನ ಮತ್ತು ಸಂಸ್ಥೆಯವರ ನಡುವೆ ಜಗಳ ಎಬ್ಬಿಸಿದ್ದೂ ಹೌದು. ಒಳನಾಡಿನ ಹಳ್ಳದ ಮೇಲಿನ ಸೇತುವೆಗೆ ಗಾಳಿಯ ಚಿಂತೆ ಏಕೆ ಎಂದು ನಮ್ಮವರೇ ಕೇಳಿದ್ದರು. ಏಪ್ರಿಲ್-ಮೇ ತಿಂಗಳ ಸಂಜೆ ಮುಂಗಾರಿಗೆ ಮೊದಲು ಏಳುವ ಗುಡುಗು ಗಾಳಿ ನಮ್ಮ ಭಾಗದಲ್ಲಿ ತಗಡಿನ ಛಾವಣಿಗಳನ್ನು ಹೊತ್ತೊಯ್ಯುವುದನ್ನು ನೋಡಿದವರು ಆ ಪ್ರಶ್ನೆ ಕೇಳಬಾರದು.

ನಿಯಮಾವಳಿಯು ಗಾಳಿಯನ್ನು ಎರಡು ಸ್ಥಿತಿಗಳಲ್ಲಿ ನೋಡಲು ಹೇಳುತ್ತದೆ. ರೈಲು ಇಲ್ಲದ ಖಾಲಿ ಸೇತುವೆಯ ಮೇಲೆ ಆ ಪ್ರದೇಶದ ಪೂರ್ಣ ಬಿರುಗಾಳಿ ಬೀಸುವುದು ಒಂದು. ರೈಲು ಸೇತುವೆಯ ಮೇಲಿರುವಾಗ ಬೀಸುವ ಗಾಳಿ ಇನ್ನೊಂದು. ಬ್ರಾಡ್‌ಗೇಜ್ ಸೇತುವೆಯಲ್ಲಿ ಗಾಳಿಯ ಒತ್ತಡ ಚದರ ಮೀಟರಿಗೆ 150 ಕೆ.ಜಿ. ಮೀರಿದರೆ ಅದರ ಮೇಲೆ ರೈಲು ಇರುವುದಿಲ್ಲ ಎಂದು ಭಾವಿಸಲಾಗುತ್ತದೆ. ನಮ್ಮ ಕಡೆ ಓಡುವ ಮುಚ್ಚಿದ ವ್ಯಾಗನ್‌ನ ಬದಿಯಲ್ಲಿ ಗಾಳಿಗೆ ಒಡ್ಡಿಕೊಳ್ಳುವ ಎತ್ತರ ಸುಮಾರು 3.2 ಮೀಟರ್ ಎಂದು ಹಿಡಿದರೆ, ಆ 150 ಕೆ.ಜಿ. ಒತ್ತಡವು ರೈಲಿನ ಪ್ರತಿ ಮೀಟರ್ ಉದ್ದಕ್ಕೆ 480 ಕೆ.ಜಿ. ಅಡ್ಡ ಬಲವಾಗುತ್ತದೆ; ಟ್ರಸ್ ಪೂರ್ತಿಗೆ ಹದಿನಾಲ್ಕೂವರೆ ಟನ್ನಿಗೂ ಹೆಚ್ಚು. ಈ ಬಲ ಹಳಿಯಿಂದ ಎರಡು ಮೀಟರಿಗೂ ಮೇಲೆ ತಾಗುವುದರಿಂದ ರೈಲನ್ನು ಪಕ್ಕಕ್ಕೆ ವಾಲಿಸಲು ನೋಡುತ್ತದೆ, ಗಾಳಿ ಹೊರಟುಹೋಗುವ ಬದಿಯ ಟ್ರಸ್‌ನ ಮೇಲೆ ಹೆಚ್ಚು ಭಾರ ಹೇರುತ್ತದೆ. ನಮ್ಮ ಎರಡು ಟ್ರಸ್‌ಗಳ ನಡುವಿನ ಅಂತರಕ್ಕೆ ಆ ಹೆಚ್ಚುವರಿ ಭಾರ ಮೀಟರಿಗೆ ಸುಮಾರು 200 ಕೆ.ಜಿ.; 25 ಟನ್ ಆಕ್ಸಲ್‌ನ ರೇಕ್ ಒಂದು ಟ್ರಸ್‌ಗೆ ಇಳಿಸುವ ಭಾರದ ಶೇ 6. ಗಾಳಿ ಸೇರಿದ ಸಂಯೋಜನೆಗೆ ನಿಯಮ ಸ್ವಲ್ಪ ಹೆಚ್ಚಿನ ಸ್ಟ್ರೆಸ್‌ಗೂ ಅವಕಾಶ ಕೊಡುವುದರಿಂದ ಟ್ರಸ್‌ಗೆ ಇದು ದೊಡ್ಡ ಹೊರೆಯಲ್ಲ.

ಹೊರೆಯಾಗುವುದು ಖಾಲಿ ರೇಕ್‌ಗೆ. ಅಂಥ ವ್ಯಾಗನ್ನಿನ ಖಾಲಿ ತೂಕ ಸುಮಾರು 25 ಟನ್, ಉದ್ದ 14 ಮೀಟರಿಗೆ ಸ್ವಲ್ಪ ಹೆಚ್ಚು, ಮೀಟರಿಗೆ 1.7 ಟನ್. ಅದೇ 150 ಕೆ.ಜಿ. ಗಾಳಿಗೆ ಲೆಕ್ಕ ಹಾಕಿದರೆ, ವ್ಯಾಗನ್ನು ಉರುಳದಂತೆ ತಡೆಯುವ ಶಕ್ತಿ ಅದನ್ನು ಉರುಳಿಸುವ ಶಕ್ತಿಯ ಸುಮಾರು 1.4 ಪಟ್ಟು ಮಾತ್ರ. ಇದರಲ್ಲಿ ಚಕ್ರಗಳ ಓಲಾಟ, ಹಳಿಯ ಏರುಪೇರು, ಗಾಳಿಯ ಹೊಡೆತ ಒಮ್ಮೆಲೇ ಬಂದು ತಾಗುವ ಬಗೆ ಯಾವುದೂ ಸೇರಿಲ್ಲ. ತುಂಬಿದ ರೇಕ್‌ಗೆ ಇದೇ ಅನುಪಾತ ಐದೂವರೆ ಪಟ್ಟಿಗಿಂತ ಹೆಚ್ಚು. ಸೇತುವೆಯ ಬಲಕ್ಕೆ ತುಂಬಿದ ಗಾಡಿ ಪರೀಕ್ಷೆಯಾದರೆ, ಗಾಳಿಗೆ ಖಾಲಿ ಗಾಡಿ ಪರೀಕ್ಷೆ. ಇಬ್ಬರು ಬೇರೆ ಬೇರೆ ವೈರಿಗಳನ್ನು ಹೀಗೆ ಬೇರೆ ಬೇರೆಯಾಗಿಯೇ ಎದುರಿಸಿ, ಎಲ್ಲಿ ಕೂಡುತ್ತಾರೋ ಅಲ್ಲಿ ಮಾತ್ರ ಕೂಡಿಸಿದ್ದು ಈ ವರದಿಯ ದೊಡ್ಡ ಗುಣ. ನಾನು ನೋಡಿದ ಎಷ್ಟೋ ವರದಿಗಳಲ್ಲಿ ಗಾಳಿ ಎಂಬುದು ಕೊನೆಯಲ್ಲಿ ಸೇರಿಸುವ ಒಂದು ಅಂಕಿ ಅಷ್ಟೇ.

ಇದೇ ಸಂದರ್ಭದಲ್ಲಿ ಅವರು ಪಾಂಬನ್ ಸೇತುವೆಯ ಉದಾಹರಣೆ ಕೊಟ್ಟರು. 1914ರಲ್ಲಿ ತೆರೆದ, ರಾಮೇಶ್ವರಕ್ಕೆ ಸಮುದ್ರ ದಾಟಿ ಹೋಗುವ ಆ ಹಳೆಯ ಸೇತುವೆಯಲ್ಲಿ ಗಾಳಿಯ ವೇಗಮಾಪಕವನ್ನು ಸಿಗ್ನಲ್‌ಗೆ ಜೋಡಿಸಿದ್ದರು; ವೇಗ ಗಂಟೆಗೆ 58 ಕಿ.ಮೀ. ದಾಟಿದರೆ ರೈಲಿಗೆ ದಾರಿ ಸಿಗುತ್ತಿರಲಿಲ್ಲ. ಆ ವೇಗದ ಗಾಳಿಯ ಮೂಲ ಒತ್ತಡವನ್ನು ಲೆಕ್ಕ ಹಾಕಿ ನೋಡಿ: ಚದರ ಮೀಟರಿಗೆ ಸುಮಾರು 16 ಕೆ.ಜಿ., ವಿನ್ಯಾಸದ 150ರ ಹತ್ತನೇ ಒಂದು ಭಾಗ. ಇಷ್ಟು ಕೆಳಗೆ ಗೆರೆ ಎಳೆದದ್ದು ಅತಿ ಎಚ್ಚರಿಕೆ ಎಂದು ಕೆಲವರಿಗೆ ತೋರಬಹುದು, ನನಗೆ ಹಾಗೆ ತೋರುವುದಿಲ್ಲ. ಮಾಪಕ ತೋರಿಸುವ ವೇಗಕ್ಕಿಂತ ಒಂದೂವರೆ ಪಟ್ಟು ಜೋರಿನ ಹೊಡೆತವೊಂದು ಬಂದರೆ ಒತ್ತಡ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಏಕೆಂದರೆ ಒತ್ತಡ ಬೆಳೆಯುವುದು ವೇಗದ ವರ್ಗದಂತೆ. ಸಿಗ್ನಲ್ ಕೆಂಪಾದ ಮೇಲೂ ಆಗಲೇ ಸೇತುವೆ ಹತ್ತಿದ ರೈಲು ಎರಡು ಕಿ.ಮೀ. ದಾಟಿ ಮುಗಿಸಬೇಕು, ಅದರ ಮೇಲೆ ಉಪ್ಪುಗಾಳಿ ದಶಕಗಳ ಕಾಲ ತಿಂದ ಉಕ್ಕು. 1964ರ ಡಿಸೆಂಬರ್ ಚಂಡಮಾರುತದಲ್ಲಿ ಆ ಸೇತುವೆಯ ಗರ್ಡರ್‌ಗಳಲ್ಲಿ ಹೆಚ್ಚಿನವು ಕೊಚ್ಚಿಹೋಗಿ, ಇ. ಶ್ರೀಧರನ್ ಅವರ ಮುಂದಾಳತ್ವದಲ್ಲಿ 46 ದಿನಗಳಲ್ಲಿ ಮತ್ತೆ ಎದ್ದು ನಿಂತದ್ದು ರೈಲ್ವೆಯವರೆಲ್ಲ ಬಲ್ಲ ಕಥೆ. 2022ರ ಡಿಸೆಂಬರ್‌ನಲ್ಲಿ ಹಳೆಯದರ ಮೇಲೆ ಸಂಚಾರ ನಿಂತಿತು, 2025ರ ಏಪ್ರಿಲ್‌ನಲ್ಲಿ ಪಕ್ಕದ ಹೊಸ ಸೇತುವೆ ತೆರೆಯಿತು. ಅಷ್ಟು ವರ್ಷ ಆ ಮುದಿ ಸೇತುವೆ ರೈಲನ್ನು ದಾಟಿಸಿದ್ದು ಸಾಮರ್ಥ್ಯದ ಜೊತೆಗೆ ಆ ಮಾಪಕದ ಶಿಸ್ತಿನಿಂದಲೂ ಹೌದು. ನಮಗೂ ಒಂದು ಗಾಳಿಮಾಪಕ ಹಾಕಿ, ಖಾಲಿ ರೇಕ್‌ಗೆ ಬೇರೆ ಮಿತಿ ಇಡಿ ಎಂಬ ಸಲಹೆ ಬಂದದ್ದು ಈ ಹಿನ್ನೆಲೆಯಲ್ಲಿ.

ಈಗ ಜಗಳದ ವಿಷಯ. ಮೊದಲ ಕರಡು ವರದಿಯಲ್ಲಿ ಗಾಳಿಯ ಅಡ್ಡ ಬಲವನ್ನೂ, ಚಕ್ರಗಳ ಓಲಾಟಕ್ಕೆ ನಿಯಮ ಹೇಳುವ ಮೀಟರಿಗೆ 600 ಕೆ.ಜಿ. ಅಡ್ಡ ಭಾರವನ್ನೂ ಕೆಳಗಿನ ಅಡ್ಡ ಬ್ರೇಸಿಂಗ್ ಸುಲಭವಾಗಿ ಹೊತ್ತು ಬೇರಿಂಗ್‌ಗೆ ಮುಟ್ಟಿಸುತ್ತದೆ ಎಂದು ಬರೆದಿದ್ದರು. ಆ ಬ್ರೇಸಿಂಗ್‌ನ ಎರಡು ಗಸೆಟ್ ತಗಡುಗಳನ್ನು (ಪಟ್ಟಿಗಳು ಕೂಡುವ ಕಡೆ ಅವನ್ನು ಹಿಡಿಯುವ ತಗಡುಗಳು) ಹಿಂದೆ ನೀರಿನ ಪೈಪು ಎಳೆಯುವಾಗ ಅರ್ಧ ಕತ್ತರಿಸಿದ್ದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಐದು ದಿನ ಸೀಮೆಸುಣ್ಣ ಹಿಡಿದು ತಿರುಗಿದವರು ಪೈಪಿನ ಹಿಂದೆ ಬಗ್ಗಿ ನೋಡಿರಲಿಲ್ಲ. ಕರಡು ಓದಿ ನಾನೇ ಫೋಟೋ ತೆಗೆದು ಕಳುಹಿಸಿದೆ. ಮೊದಲ ಉತ್ತರ, ಉಳಿದ ಬ್ರೇಸಿಂಗ್ ಸಾಕಾಗುತ್ತದೆ ಎಂಬ ಒಂದು ಸಾಲಿನ ಮಿಂಚಂಚೆ. ಲೆಕ್ಕವಿಲ್ಲದ ಆ ಸಾಲನ್ನು ನಾನು ಒಪ್ಪಲಿಲ್ಲ. ಕಡಿದ ಕಡೆ ಬಲದ ದಾರಿ ಮುರಿದರೆ ಅದು ಪಕ್ಕದ ಸ್ಟ್ರಿಂಜರ್ ಕೊಂಡಿಗಳಿಗೆ, ಆಗಲೇ ರಿವೆಟ್ ಸಡಿಲವಾದ ಕೊಂಡಿಗಳಿಗೆ, ಹೋಗಬೇಕು. 1879ರ ಡಿಸೆಂಬರ್ 28ರ ರಾತ್ರಿ ಸ್ಕಾಟ್ಲೆಂಡಿನ ಟೇ ನದಿಯ ಸೇತುವೆ ರೈಲು ಸಮೇತ ಬಿದ್ದಾಗ ವಿನ್ಯಾಸದಲ್ಲಿ ಗಾಳಿಗೆ ಪ್ರತ್ಯೇಕ ಲೆಕ್ಕವೇ ಇರಲಿಲ್ಲ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಮೊದಲು ಸೋತದ್ದು ಎರಕದ ಕಬ್ಬಿಣದ ಕಂಬಗಳಿಗೆ ಓರೆ ಪಟ್ಟಿಗಳನ್ನು ಹಿಡಿದಿದ್ದ ಚಿಕ್ಕ ಕಿವಿಗಳು ಎಂಬುದು ಅಷ್ಟಾಗಿ ನೆನಪಿರುವುದಿಲ್ಲ. ಗಾಳಿ ಸೇತುವೆಯನ್ನು ಹುಡುಕುವುದು ಅದರ ಸಣ್ಣ ಜೋಡಣೆಗಳಲ್ಲಿ. ಇದನ್ನು ನಾನು ಬರೆದು ಕಳುಹಿಸಿದ ಮೇಲೆ ಅವರ ಹಿರಿಯ ಎಂಜಿನಿಯರ್ ಸ್ವತಃ ಬಂದು, ಪೈಪು ಸರಿಸಿ ನೋಡಿ, ತಪ್ಪು ಒಪ್ಪಿಕೊಂಡು, ಹೆಚ್ಚುವರಿ ಶುಲ್ಕವಿಲ್ಲದೆ ಆ ಅಧ್ಯಾಯವನ್ನು ಮತ್ತೆ ಬರೆದರು. ಹೊಸ ಲೆಕ್ಕದಲ್ಲಿ ಆ ಗಸೆಟ್‌ಗಳನ್ನು ಬದಲಿಸುವುದು ತುರ್ತು ಕೆಲಸಗಳ ಪಟ್ಟಿಯ ಎರಡನೇ ಸ್ಥಾನಕ್ಕೆ ಬಂತು. ಮೊದಲನೆಯದು ಬಿರುಕು ಬಿಟ್ಟ ಸ್ಟ್ರಿಂಜರ್.

ತಡವೂ ಆಯಿತು. ಆರು ವಾರ ಎಂದವರು ಹನ್ನೊಂದು ವಾರ ತೆಗೆದುಕೊಂಡರು. ಉಕ್ಕಿನ ಮಾದರಿಯನ್ನು ಕಡಿಮೆ ಸ್ಟ್ರೆಸ್ ಇರುವ ಜಾಗದಿಂದ ಕತ್ತರಿಸಿ, ಆ ಜಾಗವನ್ನು ಬೋಲ್ಟ್ ಹಾಕಿದ ತಗಡಿನಿಂದ ಮುಚ್ಚಿ, ಪ್ರಯೋಗಾಲಯದ ಫಲಿತಾಂಶಕ್ಕೆ ಕಾದದ್ದರಲ್ಲಿ ಮೂರು ವಾರ ಹೋಯಿತು. ಅದನ್ನು ನಾನು ದೂರುವುದಿಲ್ಲ, ಆ ಫಲಿತಾಂಶವಿಲ್ಲದೆ ಹಳೆಯ ಉಕ್ಕಿನ ಬಲವನ್ನು ಊಹಿಸುವುದು ತಪ್ಪು. ಉಳಿದ ಎರಡು ವಾರಕ್ಕೆ ಕಾರಣ ಹೇಳಲಿಲ್ಲ. ಅಷ್ಟು ದಿನ ಗಂಟೆಗೆ 10 ಕಿ.ಮೀ. ಮಿತಿಯಲ್ಲಿ ರೇಕ್‌ಗಳು ನಿಂತು ನಿಂತು ಹೋದದ್ದಕ್ಕೆ ಕಾರ್ಖಾನೆ ತೆತ್ತದ್ದು ಕಡಿಮೆಯೇನಲ್ಲ.

ವರದಿಯ ಭಾಷೆಯ ಬಗ್ಗೆಯೂ ಒಂದು ಮಾತು. 140 ಪುಟಗಳ ಆ ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಎಂಜಿನಿಯರುಗಳಿಗೆ ಅದು ಸಾಕು. ಆದರೆ ದಿನಾ ಸೇತುವೆಯ ಮೇಲೆ ನಡೆಯುವವರು ಹಳಿ ನೋಡಿಕೊಳ್ಳುವ ಗ್ಯಾಂಗಿನ ಕೆಲಸಗಾರರು. ಯಾವ ಜಾಗದಲ್ಲಿ ಬಿರುಕು ನೋಡಬೇಕು, ಯಾವ ಸಪ್ಪಳ ಬಂದರೆ ಯಾರಿಗೆ ಹೇಳಬೇಕು ಎಂಬುದು ಅವರಿಗೆ ಮುಟ್ಟದಿದ್ದರೆ ವರದಿ ಕಪಾಟಿನಲ್ಲೇ ಉಳಿಯುತ್ತದೆ. ನಾನು ಕೇಳಿದ ಮೇಲೆ ಸೇತುವೆಯ ಚಿತ್ರದ ಮೇಲೆ ಸಂಖ್ಯೆ ಹಾಕಿ, ಕನ್ನಡದಲ್ಲಿ ಒಂದೇ ಪುಟದ ಹಾಳೆ ಮಾಡಿಕೊಟ್ಟರು. ಅದನ್ನು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಹಾಕಿಸಿ ಗ್ಯಾಂಗ್ ಕೋಣೆಯ ಗೋಡೆಗೆ ತೂಗುಹಾಕಿದ್ದೇವೆ. ಕೀಮ್ಯಾನ್ ಹೇಳಿದ ಆ ಮೂಲೆಗೆ ಅದರಲ್ಲಿ 1 ಎಂದು ಸಂಖ್ಯೆ ಕೊಟ್ಟಿದ್ದಾರೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಪೈಪಿನ ಹಿಂದಿನ ಗಸೆಟ್‌ಗೆ ಮತ್ತು ಆ ಒಂದು ಸಾಲಿನ ಉತ್ತರಕ್ಕೆ. ಇಂಥ ಸೇವೆ ಪಡೆಯುವವರು ದರಪಟ್ಟಿಯಲ್ಲೇ ಎರಡು ವಿಷಯ ಬರೆಸಿಕೊಳ್ಳಬೇಕೆಂದು ನನ್ನ ಕೋರಿಕೆ: ಅಳೆದ ಅಂಕಿಯನ್ನೂ ಲೆಕ್ಕದ ಅಂಕಿಯನ್ನೂ ಪ್ರತಿ ಭಾಗಕ್ಕೆ ಒಂದೇ ಕೋಷ್ಟಕದಲ್ಲಿ ಕೊಡಬೇಕು, ಮತ್ತು ಅವರು ಕಣ್ಣಾರೆ ನೋಡಲಾಗದ ಜಾಗಗಳು ಯಾವುವು ಎಂಬುದರ ಪಟ್ಟಿ ವರದಿಯ ಮೊದಲ ಪುಟದಲ್ಲೇ ಇರಬೇಕು. ಎರಡನೆಯದು ನಮ್ಮ ಒಪ್ಪಂದದಲ್ಲಿದ್ದಿದ್ದರೆ ಆ ಪೈಪಿನ ಹಿಂದಿನ ಜಾಗ ಮೊದಲ ದಿನವೇ ಬೆಳಕಿಗೆ ಬರುತ್ತಿತ್ತು.

ಬಿರುಕು ಬಿಟ್ಟ ಸ್ಟ್ರಿಂಜರನ್ನೂ ಅದರ ಜೊತೆಯದನ್ನೂ ಬದಲಿಸಿದ್ದಾಗಿದೆ. ಸಡಿಲ ರಿವೆಟ್‌ಗಳ ಜಾಗಕ್ಕೆ ಹೆಚ್ಚು ಬಿಗಿಯ ಬೋಲ್ಟ್‌ಗಳು ಬಂದಿವೆ, ಗಸೆಟ್‌ಗಳು ಹೊಸದಾಗಿವೆ, ಬೇರಿಂಗ್ ಎತ್ತಿಸಿ ಅಡಿಗೆ ಗ್ರೌಟ್ ತುಂಬಿಸಿದ್ದೇವೆ. ಆಮೇಲೆ ಅದೇ ಎಂಜಿನ್ನು, ಅದೇ ಗೇಜ್‌ಗಳಿಂದ ಮತ್ತೊಮ್ಮೆ ಅಳೆದಾಗ ಆ ಕ್ರಾಸ್ ಗರ್ಡರ್‌ನ ಅಂಕಿ ಲೆಕ್ಕದ ಅಂಕಿಗಿಂತ ಕೆಳಗಿಳಿಯಿತು. 25 ಟನ್ ಆಕ್ಸಲ್‌ಗೆ ಒಪ್ಪಿಗೆ ಇನ್ನೂ ಕೊಟ್ಟಿಲ್ಲ. ಉಳಿದ ಸ್ಟ್ರಿಂಜರ್‌ಗಳ ಮೇಲಿನ ಪಟ್ಟಿಯ ಸವೆತವನ್ನು ಈ ಮಳೆಗಾಲ ಕಳೆದ ಮೇಲೆ ಇನ್ನೊಮ್ಮೆ ಅಳೆಯಲು ಅವರು ಬರಬೇಕಿದೆ. ಹಳ್ಳದ ದಡದ ಕಂಬಕ್ಕೆ ಗಾಳಿಮಾಪಕ ಹಾಕಿಯಾಗಿದೆ. ಹೋದ ವಾರ ಖಾಲಿ ರೇಕ್ ದಾಟುವಾಗ ಕೀಮ್ಯಾನ್ ಆ ಮೂಲೆಯಲ್ಲಿ ನಿಂತು ಕೇಳಿಸಿಕೊಂಡು, ನನ್ನ ಕಡೆ ತಿರುಗಿ, “ಈಗ ಇಲ್ರಿ” ಎಂದರು.